ಅಮಾವಾಸ್ಯೆಗೆ ರಜೆ ಕೊಡುವ ಪ್ಯಾಕೇಜು

ಈ ಸಂಗತಿಯನ್ನು ನಾನೊಂದು ಥರ ಹೇಳುತ್ತೇನೆ, ನನ್ನ ಗೆಳೆಯ ಇನ್ನೊಂದು ಥರ ಹೇಳುತ್ತಾನೆ. ಅಮಾವಾಸ್ಯೆಯನ್ನು ಕಂಪ್ಯೂಟರ್ ಪ್ರೋಗ್ರಾಮಿನೊಳಗೆ ತಂದವನು ನಾನು ಎನ್ನುವುದು ಅವನ ವಾದ. ಅವನೇ ಎನ್ನುವುದು ನನ್ನ ವಾದ. ಆಗ ನಾನು ದಿನಚರಿ ಬರೆಯುತ್ತಿದ್ದದ್ದು ನಿಜ. ಈಗ ತೆಗೆದು ನೋಡಿದರೆ ಅದರಲ್ಲಿ ಬಿಸಿಲಿನ ಮೇಲೆ ದೂರು, ಟೆಲಿಫೋನ್ ಲೈನಿನ ಮೇಲೆ ಬೈಗುಳ, ಇಷ್ಟೇ ಇದೆ. ಮುಖ್ಯವಾದದ್ದೇನೋ ನಡೆಯುತ್ತಿದೆ ಎಂದು ಆಗ ನನಗೆ ಹೊಳೆಯಲಿಲ್ಲವೋ, ಆಮೇಲೆ ಹೇಳಿ ಹೇಳಿ ಅದನ್ನು ಮುಖ್ಯ ಮಾಡಿಕೊಂಡೆನೋ, ತಿಳಿಯದು. ಹಾಗಾಗಿ ಇಲ್ಲಿರುವ ಮಾತುಗಳನ್ನೆಲ್ಲ ಈ ಕಥೆಯ ಜನ ಹೀಗೆಯೇ ಆಡಿದರು ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ಇಂಥ ಮಾತುಗಳನ್ನು ಆಡುವ ಜನ ಅವರು ಎಂಬುದಕ್ಕೆ ಮಾತ್ರ ಹೊಣೆ.

ಎರಡು ಸಾವಿರದ ಇಸವಿ ಕಳೆದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ನಾನು ಚಳ್ಳಕೆರೆಯವನು, ಅವನು ಮೊಳಕಾಲ್ಮೂರಿನ ನೇಕಾರರ ಮನೆಯವನು. ಒಂದೇ ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ಓದಿ, ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ ಹಿಡಿದು, ಕಾಲೇಜು ಹುಡುಗ ಹುಡುಗಿಯರಿಗೆ ಕಂಪ್ಯೂಟರ್ ಕಲಿಸುತ್ತಿದ್ದೆವು. ಕೆಳಗಿನ ಅಂಗಡಿಗೂ ನಮಗೂ ಒಂದೇ ಫೋನ್ ಲೈನು. ನಾವು ಇಂಟರ್ನೆಟ್ಟಿಗೆ ಹೋಗಿರುವಾಗ ಅಂಗಡಿ ಯಜಮಾನರು ಎಣ್ಣೆ ರೇಟು ಕೇಳಲು ರಿಸೀವರ್ ಎತ್ತಿದರೆ ಅವರ ಕಿವಿಗೆ ಮೋಡೆಮ್ಮಿನ ಚೀರಾಟ ಬಡಿಯುತ್ತಿತ್ತು, ನಮ್ಮ ಸಂಪರ್ಕ ಕಡಿದುಹೋಗುತ್ತಿತ್ತು. ಮೆಟ್ಟಿಲ ಬುಡದಿಂದ ಅವರ ದನಿ ಬರುತ್ತಿತ್ತು: "ಏನ್ರಪ್ಪಾ, ಮತ್ತೆ ಹಂದಿ ಕೊಯ್ತಾ ಇದ್ದೀರಾ?"

ಗೆಳೆಯನ ಮನೆಯಲ್ಲಿ ರೇಷ್ಮೆ ಸೀರೆಯ ಆರ್ಡರುಗಳನ್ನು ನೋಡಿಕೊಳ್ಳುತ್ತಿದ್ದವರು ಅವನ ಅಮ್ಮ. ಯಾವ ಅಂಗಡಿಯವರಿಗೆ ಯಾವ ದಿನ ಸೀರೆ ಕೊಡುವುದು ಎಂದು ಅವರು ಬಾಯಲ್ಲೇ ಹೇಳುತ್ತಿದ್ದರು. ಇದನ್ನು ಕಂಪ್ಯೂಟರಿಗೆ ಹಾಕಬೇಕು ಎಂದು ಮಗನಿಗೆ ಅನ್ನಿಸಿತು. ಅಮ್ಮನಿಗೆ ಅನ್ನಿಸಿರಲಿಲ್ಲ.

ಪ್ರೋಗ್ರಾಮು ಬರೆಯುವವರು ಎಲ್ಲವನ್ನೂ ತಾವೇ ಮೊದಲಿನಿಂದ ಬರೆಯುವುದಿಲ್ಲ. ತಾರೀಖು ಕೂಡಿಸುವುದು, ಹೆಸರುಗಳನ್ನು ಅಕ್ಷರಮಾಲೆಯಲ್ಲಿ ಜೋಡಿಸುವುದು, ಇಂಥ ಸಣ್ಣಪುಟ್ಟ ಕೆಲಸಗಳನ್ನು ಎಲ್ಲೋ ಯಾರೋ ಆಗಲೇ ಬರೆದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿರುತ್ತಾರೆ. ಅದನ್ನು ಲೈಬ್ರರಿ ಅನ್ನುತ್ತಾರೆ, ಪ್ಯಾಕೇಜು ಅನ್ನುತ್ತಾರೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಬಿಚ್ಚಿ ನೋಡಬಹುದು, ಬದಲಾಯಿಸಬಹುದು. ಮೊದಲು ಬರೆದವರ ಹೆಸರನ್ನು ಮಾತ್ರ ಅಳಿಸಬಾರದು. ಗೆಳೆಯ ಅಂಥದ್ದೊಂದು ಪ್ಯಾಕೇಜು ತಂದ. ಇಂಥ ದಿನದಿಂದ ಇಷ್ಟು ದಿನದ ಕೆಲಸ ಎಂದು ಹೇಳಿದರೆ, ರಜೆಗಳನ್ನು ಬಿಟ್ಟು, ಮುಗಿಯುವ ತಾರೀಖು ಕೊಡುತ್ತಿತ್ತು. ಒಂದು ಹಳೆಯ ಕಂಪ್ಯೂಟರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮೊಳಕಾಲ್ಮೂರಿಗೆ ಒಯ್ದು ಅಮ್ಮನ ಮುಂದೆ ನಡೆಸಿ ತೋರಿಸಿದ. ಜೊತೆಗೆ ನಾನೂ ಹೋಗಿದ್ದೆ.

ಅಮ್ಮ ತಾರೀಖು ನೋಡಿದರು. ಗೋಡೆಯ ಕ್ಯಾಲೆಂಡರ್ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರ ಮಾತು ಮಗನ ಜೊತೆ ತೆಲುಗು, ನನ್ನ ಜೊತೆ ಕನ್ನಡ, ಇಬ್ಬರನ್ನೂ ಬೈಯುವಾಗ ಎರಡೂ.

"ಶನಿವಾರ ಭಾನುವಾರ ಮಗ್ಗ ಯಾಕಪ್ಪಾ ನಿಲ್ಸೈತೆ ಇದು? ನಮ್ಮನೆ ಏನು ಬ್ಯಾಂಕಾ?"

"ಅದನ್ನ ಬರೆದೋರ ಊರಲ್ಲಿ ಹಂಗಮ್ಮಾ," ಎಂದೆ.

"ಮತ್ತೆ ಅಮಾವಾಸ್ಯೆ ದಿನ ನಡೆಸ್ತೀನಿ ಅಂತೈತಲ್ಲ. ಆವತ್ತು ಮಗ್ಗಕ್ಕೆ ಯಾರು ಕೂತ್ಕೋತಾರೆ? ನೀನು ಕೂತ್ಕೋತೀಯಾ?"

ಆ ಊರಿನಲ್ಲಿ ಅಮಾವಾಸ್ಯೆಗೆ ಮಗ್ಗ ಮುಟ್ಟುವುದಿಲ್ಲ. ಅದು ಹೊರಗಿನಿಂದ ಹೋದ ನನಗೂ ಗೊತ್ತಿತ್ತು. ಎರಡು ಡಿಗ್ರಿ ಮಾಡಿದ ಇಬ್ಬರಿಗೂ ಪ್ರೋಗ್ರಾಮು ಬರೆಯುವಾಗ ಮಾತ್ರ ನೆನಪಾಗಲಿಲ್ಲ.

ವಾಪಸು ಬಂದ ಮೇಲೆ ಗೆಳೆಯ ಚಂದ್ರನ ಹಿಂದೆ ಬಿದ್ದ. ಅಮಾವಾಸ್ಯೆ ಯಾವಾಗ ಬರುತ್ತದೆಂದು ಲೆಕ್ಕ ಹಾಕುವ ಸೂತ್ರವನ್ನು ಎಲ್ಲಿಂದಲೋ ಹುಡುಕಿ ತಂದ. ಆ ಪ್ಯಾಕೇಜನ್ನು ಬಿಚ್ಚಿ, ಶನಿವಾರ ಭಾನುವಾರಗಳನ್ನು ಕಿತ್ತು, ಅಮಾವಾಸ್ಯೆಯನ್ನು ಕೂರಿಸಿದ. ಇಂಥ ದಿನ ರಜೆ ಎಂದು ಬಳಸುವವರು ತಮ್ಮ ತಮ್ಮ ವಾರದ ರಜೆಯನ್ನೂ ಸೇರಿಸಿಕೊಳ್ಳುವ ಹಾಗೆ ಮಾಡಿದ. ಏನನ್ನೂ ಸೇರಿಸದಿದ್ದರೂ ಅಮಾವಾಸ್ಯೆ ಮಾತ್ರ ಇದ್ದೇ ಇರುತ್ತಿತ್ತು. ಪುಕ್ಕಟೆ ತಂದದ್ದನ್ನು ತಿದ್ದಿದ ಮೇಲೆ ವಾಪಸು ಪುಕ್ಕಟೆಯೇ ಇಡಬೇಕು ಎನ್ನುವುದು ಅವನ ಹಟ. ಇಂಗ್ಲಿಷಿನಲ್ಲಿ ವಿವರಣೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅಮಾವಾಸ್ಯೆಯ ಮಾತು ಅದರಲ್ಲಿ ಎಲ್ಲೋ ಕೊನೆಗೆ, ಒಂದೇ ಸಾಲು ಇತ್ತು. ಅಷ್ಟು ಸಾಕು ಎಂದವನು ಅವನು ಎಂದು ನನ್ನ ನೆನಪು. ಅವನ ನೆನಪನ್ನು ನೀವು ಊಹಿಸಬಹುದು.

ಆಮೇಲೆ ಕಾಯುವುದು ಶುರುವಾಯಿತು. ದಿನಾ ಬೆಳಿಗ್ಗೆ ಮೊದಲ ಬ್ಯಾಚಿಗೆ ಮುಂಚೆ ಅವನು ಇಂಟರ್ನೆಟ್ಟಿನಲ್ಲಿ ಅದನ್ನಿಟ್ಟ ಪುಟ ತೆರೆದು ಯಾರಾದರೂ ಡೌನ್‌ಲೋಡ್ ಒತ್ತಿ ಪ್ಯಾಕೇಜನ್ನು ತೆಗೆದುಕೊಂಡರೇ ಎಂದು ನೋಡುತ್ತಿದ್ದ. ತೆಗೆದುಕೊಂಡ ಲೆಕ್ಕ ಒಂದು ಏರಿದರೆ ನನ್ನನ್ನು ಅನುಮಾನದಿಂದ ನೋಡುತ್ತಿದ್ದ.

"ನೀನೇ ಒತ್ತಿದ್ಯೇನಲೇ?"

"ನಿನ್ನ ಸಮಾಧಾನಕ್ಕೆ ಒತ್ತಿದೆ."

"ಬ್ಯಾಡ ಮಾರಾಯಾ. ಹೊರಗಿನೋರು ಯಾರಾದ್ರೂ ಒತ್ಲಿ."

ನಾನು ತಮಾಷೆ ಮಾಡುತ್ತಿದ್ದೆ, ಅವನಿಗೆ ಅದು ತಮಾಷೆಯಾಗಿರಲಿಲ್ಲ. ಅವರ ಮನೆಯಲ್ಲಿ ಮಗ್ಗಕ್ಕೆ ಕೂರದೆ ಹೊರಗೆ ಬಂದ ಮೊದಲನೆಯವನು ಅವನು. ಅವನ ಅಣ್ಣ ನೇಯ್ದ ಸೀರೆಯನ್ನು ಯಾವುದೋ ಊರಿನಲ್ಲಿ ಯಾರೋ ಮದುಮಗಳು ಉಡುತ್ತಿದ್ದಳು. ಇವನು ಬರೆದದ್ದನ್ನು? ಮನೆಗೆ ಹೋದಾಗಲೆಲ್ಲ ಅಮ್ಮ ಊಟಕ್ಕೆ ಬಡಿಸುತ್ತ ಕೇಳುತ್ತಿದ್ದರು: "ಏಮ್ರಾ, ಎವರನ್ನಾ ಕಟ್ಟುಕುನ್ನಾರಾ?" ಏನೋ, ಯಾರಾದರೂ ಉಟ್ಟುಕೊಂಡರಾ ಎಂದು. ಅವರು ನಗುತ್ತಲೇ ಕೇಳುತ್ತಿದ್ದರು. ಇವನು ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಕೊನೆಗೊಂದು ದಿನ ಮೇಲ್ ಬಂತು. ಯಾವುದೋ ಚಳಿ ದೇಶದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡವನು. ನಿಮ್ಮ ಪ್ಯಾಕೇಜು ಬಳಸುತ್ತಿದ್ದೇನೆ, ಧನ್ಯವಾದ, ಎಂದು ಮೊದಲ ಸಾಲು. ಗೆಳೆಯ ಅಷ್ಟನ್ನು ಓದಿ ಕುರ್ಚಿಯಿಂದ ಎದ್ದು, ಕೋಣೆಯಲ್ಲಿ ಒಂದು ಸುತ್ತು ಹಾಕಿ, ಕಿಟಕಿಯಿಂದ ಕೆಳಗೆ ಬಗ್ಗಿ ಅಂಗಡಿ ಯಜಮಾನರಿಗೆ "ಇವತ್ತು ಫೋನ್ ಎತ್ತಬ್ಯಾಡ್ರೀ ಯಜಮಾನ್ರೇ, ಫಾರಿನ್ನಿಂದ ಬಂದೈತೆ" ಎಂದು ಕೂಗಿದ. ಉಳಿದ ಸಾಲುಗಳನ್ನು ಓದಿದವನು ನಾನು.

ಸೈಕಲ್ಲಿನವನ ಅಂಗಡಿಗೆ ಸೋಮವಾರ ಮಾತ್ರ ರಜೆಯಂತೆ. ಬೇರೆ ಪ್ಯಾಕೇಜುಗಳೆಲ್ಲ ಶನಿವಾರ ಭಾನುವಾರವೇ ರಜೆ ಎಂದು ಹಟ ಹಿಡಿಯುತ್ತಿದ್ದವು, ನಮ್ಮದೊಂದೇ ಅವನ ಸೋಮವಾರವನ್ನು ಒಪ್ಪಿಕೊಂಡಿತಂತೆ. ಆದರೆ ತಿಂಗಳಿಗೊಂದು ದಿನ, ಯಾವುದೋ ವಾರದ ಮಧ್ಯೆ, ಕಾರಣವಿಲ್ಲದೆ ಅಂಗಡಿ ಮುಚ್ಚಿದೆ ಎಂದು ಲೆಕ್ಕ ಹಾಕುತ್ತದೆ; ಗಿರಾಕಿಗಳಿಗೆ ಒಂದು ದಿನ ತಡವಾಗಿ ತಾರೀಖು ಹೇಳುತ್ತಿದ್ದೇನೆ; ಈ ದೋಷ ಎಲ್ಲಿದೆಯೆಂದು ಹುಡುಕಿ ಹುಡುಕಿ ಕೊನೆಗೆ ನಿಮ್ಮ ಚಂದ್ರನ ಹತ್ತಿರ ಬಂದು ನಿಂತೆ; ದಯವಿಟ್ಟು ತೆಗೆಯಿರಿ, ಇಲ್ಲದಿದ್ದರೆ ನಾನು ಬೇರೆ ದಾರಿ ನೋಡಿಕೊಳ್ಳಬೇಕು.

"ದೋಷ ಅಂತಾನಾ?" ಎಂದ ಗೆಳೆಯ.

ಮರುದಿನವೇ ಅವನು ಊರಿಗೆ ಹೊರಟ, ಜೊತೆಗೆ ನಾನೂ. ಬಸ್ಸಿನ ತುಂಬ ಈರುಳ್ಳಿಯ ವಾಸನೆ. ಹಿಂದಿನ ಸೀಟಿನ ಮುದುಕನೊಬ್ಬ ನಮ್ಮ ಜಗಳವನ್ನು ಯಾವುದೋ ಆಸ್ತಿ ವ್ಯಾಜ್ಯವೆಂದು ತಿಳಿದು ಗಮನವಿಟ್ಟು ಕೇಳುತ್ತಿದ್ದ.

"ತೆಗೆದ್ಬಿಡಲೇ," ಎಂದೆ. "ಬೇಕಾದೋರು ಹಾಕ್ಕೋತಾರೆ. ಇರೋನೊಬ್ಬ, ಅವನೂ ಹೋಗ್ತಾನೆ."

"ಭಾನುವಾರ ರಜಾ ಅಂತ ಬರೆದೋನು ನನ್ನ ಕೇಳಿದ್ನಾ? ನಮ್ಮಮ್ಮನ್ನ ಕೇಳಿದ್ನಾ? ಅವನು ಕೇಳ್ದೆ ಭಾನುವಾರ ಹಾಕ್ಬೋದು, ನಾನು ಅಮಾವಾಸ್ಯೆ ಹಾಕ್ಬಾರ್ದಾ?"

"ಭಾನುವಾರ ಎಲ್ಲರಿಗೂ ಗೊತ್ತೈತೆ ಕಣಲೇ."

"ಚಂದ್ರ ಗೊತ್ತಿಲ್ವಾ? ಅವರೂರಲ್ಲಿ ಹುಟ್ಟಲ್ವಾ ಅವನು?"

ಹಿಂದಿನ ಸೀಟಿನ ಮುದುಕ "ಖರೇ ಮಾತು" ಎಂದ. ಯಾವುದಕ್ಕೆಂದು ತಿಳಿಯಲಿಲ್ಲ. ಗೆಳೆಯ ಹೇಳಿದ್ದು ನ್ಯಾಯ ಎಂದು ನನಗೂ ಅನ್ನಿಸುತ್ತಿತ್ತು. ಆ ನ್ಯಾಯಕ್ಕಾಗಿ ಅವನು ತನ್ನ ಒಬ್ಬನೇ ಒಬ್ಬ ಗಿರಾಕಿಯನ್ನು ಕಳೆದುಕೊಳ್ಳುತ್ತಾನೆ ಎಂದೂ ಅನ್ನಿಸುತ್ತಿತ್ತು.

ಆವತ್ತು ಅಮಾವಾಸ್ಯೆ ಇತ್ತು ಎಂದು ನಾನು ಹೇಳುತ್ತ ಬಂದಿದ್ದೇನೆ. ಕಥೆಗೆ ಒಪ್ಪುವುದರಿಂದ ಹೇಳುತ್ತಿದ್ದೇನೋ ಏನೋ. ಆದರೆ ಕೇರಿಯಲ್ಲಿ ಮಗ್ಗದ ಸದ್ದಿರಲಿಲ್ಲ, ಗಂಡಸರು ತಲೆಗೆ ಸ್ನಾನ ಮಾಡಿ ಜಗುಲಿಯ ಮೇಲೆ ಹರಟುತ್ತಿದ್ದರು, ಗೆಳೆಯನ ಮನೆಯ ಮಗ್ಗಕ್ಕೆ ಅರಿಶಿನ ಕುಂಕುಮ ಹಚ್ಚಿತ್ತು. ಇಷ್ಟು ಕಣ್ಣಿಗೆ ಕಟ್ಟಿದೆ.

ಮೇಲ್ ಬಂದದ್ದನ್ನು ಕೇಳಿ ಅಮ್ಮನಿಗೆ ಖುಷಿಯಾಯಿತು. ಉಳಿದದ್ದನ್ನು ಕೇಳಿ ಗಾಬರಿಯಾಯಿತು.

"ಅಂದ್ರೆ ಆಯಪ್ಪ ಅಮಾವಾಸ್ಯೆ ದಿನಾನೂ ಅಂಗಡಿ ತೆಗೀತಾನಾ?"

"ತೆಗೀತಾನಮ್ಮಾ," ಎಂದೆ.

"ಚಕ್ರಕ್ಕೆ ಕೈ ಕೊಡೋ ಕೆಲಸ! ಏನಾದ್ರೂ ಆಯ್ತು ಅನ್ನು. ಬ್ಯಾಡ ಅಂತ ಬರೀರಪ್ಪಾ. ಒಂದಿನ ಮನೇಲಿರಕ್ಕೆ ಆಯಪ್ಪಂಗೇನು ಕಷ್ಟ? ಹೆಂಡತಿ ಮಕ್ಕಳು ಇಲ್ವೇನು?"

ಮಗ ನನ್ನ ಕಡೆ ತಿರುಗಿ, "ಬರಿ" ಎಂದ. ಚಳ್ಳಕೆರೆಗೆ ಬಂದು ಬರೆದೆ. ಇದು ದೋಷವಲ್ಲ, ನಮ್ಮ ಊರಿನ ಪದ್ಧತಿ, ತೆಗೆಯುವುದಿಲ್ಲ ಎಂದು ಅವನು ಹೇಳಿದಂತೆ ಬರೆದು, ಆ ದಿನ ನೀವೂ ವಿಶ್ರಾಂತಿ ತೆಗೆದುಕೊಂಡರೆ ಒಳ್ಳೆಯದು ಎಂದು ಗೆಳೆಯನ ತಾಯಿ ತಿಳಿಸಿದ್ದಾರೆ ಎಂದೂ ಸೇರಿಸಿದೆ. ಕಂಪ್ಯೂಟರ್ ಓದಿದ್ದು ಇಂಥ ಪತ್ರ ಬರೆಯುವುದಕ್ಕೇ ಇರಬೇಕು ಎಂದುಕೊಂಡೆ.

ಉತ್ತರ ಚಿಕ್ಕದಾಗಿತ್ತು. ತಾಯಿಯವರಿಗೆ ನನ್ನ ವಂದನೆ ತಿಳಿಸಿ. ಆದರೆ ನನ್ನ ಗಿರಾಕಿಗಳಿಗೆ ಸೈಕಲ್ ಬೇಕು.

ಅಲ್ಲಿಗೆ ಆ ಗಿರಾಕಿ ಕೈಬಿಟ್ಟು ಹೋದ. ಗೆಳೆಯ ಕೆಲವು ದಿನ ಪಾಠ ಮಾಡುವಾಗಲೂ ಗೋಡೆ ನೋಡುತ್ತಿದ್ದ. ಊರಿಗೆ ಹೋಗುವುದನ್ನೂ ಮುಂದೂಡುತ್ತಿದ್ದ.

ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಅದೇ ತಾಣದಲ್ಲಿ ನಮ್ಮ ಪ್ಯಾಕೇಜಿನ ಪಕ್ಕದಲ್ಲೇ ಇನ್ನೊಂದು ಕಾಣಿಸಿತು. ಸೈಕಲ್ಲಿನವನು ನಮ್ಮದನ್ನು ಪೂರ್ತಿ ನಕಲು ಮಾಡಿ, ಅಮಾವಾಸ್ಯೆಯನ್ನು ತೆಗೆದು, ಬೇರೆ ಹೆಸರಿನಲ್ಲಿ ಇಟ್ಟಿದ್ದ. ಅದು ಕಳ್ಳತನವಲ್ಲ, ಪುಕ್ಕಟೆ ಕೊಟ್ಟಾಗ ನಾವೇ ಕೊಟ್ಟ ಹಕ್ಕು. ಕೆಳಗೆ ಗೆಳೆಯನ ಹೆಸರಿತ್ತು. ಅದರ ಪಕ್ಕದಲ್ಲಿ, ಚಂದ್ರನನ್ನು ತೆಗೆಯಲಾಗಿದೆ, ಎಂದಿತ್ತು. ಜನ ಅದನ್ನು ತೆಗೆದುಕೊಳ್ಳುತ್ತಿದ್ದರು. ನಮ್ಮದನ್ನು ಯಾರೂ ಮುಟ್ಟದಿದ್ದ ಅಷ್ಟೂ ತಿಂಗಳ ಬಾಕಿ ತೀರಿಸುವವರ ಹಾಗೆ.

"ನನ್ನದನ್ನ ಕತ್ತರಿಸಿ ಹಾಕ್ಕೊಂಡವ್ನೆ" ಎಂದು ಗೆಳೆಯ ಆ ದಿನವೆಲ್ಲ ಸಿಟ್ಟು ಮಾಡಿದ. ಮರುದಿನ ಬೆಳಿಗ್ಗೆ ಎಷ್ಟು ಜನ ತೆಗೆದುಕೊಂಡರು ಎಂದು ಅದರ ಲೆಕ್ಕವನ್ನೇ ಮೊದಲು ನೋಡಿದ. ನಾನು ನೋಡಿಯೂ ನೋಡದವನಂತಿದ್ದೆ. ಅದರ ಮರುದಿನ ಸೈಕಲ್ಲಿನವನ ಬರವಣಿಗೆಯನ್ನು ಬಿಚ್ಚಿ ತಪ್ಪು ಹುಡುಕಲು ಕೂತ. ಹುಡುಕುತ್ತ ಹುಡುಕುತ್ತ ಅವನ ಮುಖ ಬದಲಾಯಿತು.

"ಲೇ, ಡಿಸೆಂಬರ್ ದಾಟಿ ಜನವರಿಗೆ ಹೋಗುವಾಗ ನಮ್ಮದು ಒಂದು ದಿನ ಎಡವ್ತಿತ್ತಂತೆ. ಇವನು ಸರಿ ಮಾಡವ್ನೆ."

"ಒಳ್ಳೇದಾಯ್ತಲ್ಲ."

"ಏನು ಒಳ್ಳೇದು? ಈಗ ನಮ್ಮನೆಗೂ ಇವನದೇ ಹಾಕ್ಬೇಕಲ್ಲಲೇ!"

ಹಾಕಿದ. ಆದರೆ ಅಮಾವಾಸ್ಯೆ ಇಲ್ಲದ ಪ್ಯಾಕೇಜು ಅವನ ಮನೆಯ ಮಗ್ಗಕ್ಕೆ ಆಗುವುದಿಲ್ಲ. ಹಾಗಾಗಿ ಚಂದ್ರನ ಲೆಕ್ಕವನ್ನು ಬೇರೆಯೇ ಒಂದು ಸಣ್ಣ ಭಾಗವಾಗಿ ಬರೆದ. ಕರೆದರೆ ಮಾತ್ರ ಬರಬೇಕು, ಕರೆಯದಿದ್ದರೆ ಸುಮ್ಮನಿರಬೇಕು, ಹಾಗೆ. ಬಸ್ಸಿನಲ್ಲಿ ನಾನು ಹೇಳಿದ್ದೂ ಇದನ್ನೇ ಎಂದು ನೆನಪಿಸಲಿಲ್ಲ. ನೆನಪಿಸಿದೆ ಎಂದು ಅವನು ಹೇಳುತ್ತಾನೆ. ಆ ಭಾಗವನ್ನು ಸೈಕಲ್ಲಿನವನಿಗೇ ಕಳಿಸಿದ, ನಿನ್ನ ಪ್ಯಾಕೇಜಿನಲ್ಲಿ ಇದಕ್ಕೂ ಜಾಗ ಕೊಡುತ್ತೀಯಾ ಎಂದು.

ಅವನು ಕೊಟ್ಟ. ಹೊಸ ಆವೃತ್ತಿಯ ವಿವರಣೆಯಲ್ಲಿ ಅದರ ಮುಂದೆ ಹೀಗೆ ಬರೆದಿದ್ದ: ಸರಿಯಾಗಿ ಕೆಲಸ ಮಾಡುತ್ತದೆ, ಯಾರಿಗೆ ಬೇಕೋ ನನಗೆ ತಿಳಿಯದು.

"ನಮಗೆ ಬೇಕು ಅಂತ ಬರಿ" ಎಂದ ಗೆಳೆಯ.

"ನಮಗೆ ಅಂದ್ರೆ ಅವನಿಗೇನು ತಿಳೀತೈತಲೇ?"

"ಮಗ್ಗ ಇರೋರಿಗೆ ಅಂತ ಬರಿ. ಊರ ಹೆಸರು ಪೂರ್ತಿ ಬರಿ."

ಬರೆದೆ. ಅವನು ನನ್ನ ಹೆಗಲ ಹಿಂದೆ ನಿಂತು ಒಂದೊಂದೇ ಅಕ್ಷರ ನೋಡುತ್ತಿದ್ದ. ಮುಂದಿನ ಆವೃತ್ತಿಯಲ್ಲಿ ಆ ಸಾಲು ತಿದ್ದಿತ್ತು: ಸರಿಯಾಗಿ ಕೆಲಸ ಮಾಡುತ್ತದೆ, ಮೊಳಕಾಲ್ಮೂರಿನ ಮಗ್ಗಗಳಿಗೆ ಬೇಕು. ಗೆಳೆಯ ಅದನ್ನು ನಮ್ಮ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಕರಕರ ಎಂದು ಅಚ್ಚು ಹಾಕಿಸಿ, ಮಡಚಿ ಜೇಬಿನಲ್ಲಿಟ್ಟುಕೊಂಡು, ಮಧ್ಯಾಹ್ನದ ಬ್ಯಾಚಿನವರು ಮೆಟ್ಟಿಲು ಹತ್ತುತ್ತಿರುವಾಗಲೇ ಅವರನ್ನು ದಾಟಿಕೊಂಡು ಕೆಳಗಿಳಿದು, ಅಮ್ಮನಿಗೆ ತೋರಿಸುತ್ತೇನೆಂದು ಊರಿನ ಬಸ್ಸು ಹಿಡಿಯಲು ಹೋದ. ಆವತ್ತಿನ ಪಾಠ ನಾನೇ ಮಾಡಿದೆ.