ಪಂಪಾವತಿಯ ಒಂದು ರನ್

ಬುಕ್ಕಸಾಗರದ ಪಂಪಾವತಿಯಷ್ಟು ಜೋರಾಗಿ ಓಡುವ ಇನ್ನೊಬ್ಬ ಹುಡುಗಿಯನ್ನು ನಾನು ಕಂಡಿಲ್ಲ. ಅಷ್ಟು ಓಡಿಯೂ ಒಂದೇ ಒಂದು ರನ್ ಗಳಿಸದೆ ಡಿಗ್ರಿಯ ಕೊನೆಯ ವರ್ಷ ತಲುಪಿದವಳನ್ನೂ ಕಂಡಿಲ್ಲ. ಕಂಪ್ಲಿಯ ನಮ್ಮ ಕಾಲೇಜಿನ ಸಾಫ್ಟ್‌ಬಾಲ್ ತಂಡದಲ್ಲಿ ಚೆಂಡು ಎಸೆಯುವವಳು ನಾನು, ಶಾಂಭವಿ, ಅಕ್ಕಿ ಗಿರಣಿಯವರ ಮಗಳು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳುವವರು ಪಂಪಾವತಿಯ ಜೊತೆ ಒಂದು ಸೀಸನ್ ಆಡಿ ನೋಡಲಿ, ಆಮೇಲೆ ಮಾತಾಡಲಿ.

ಆಟ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಬ್ಯಾಟಿನಿಂದ ಚೆಂಡು ಹೊಡೆದು, ಮೂರು ಬೇಸುಗಳನ್ನು ಮುಟ್ಟಿಕೊಂಡು ಓಡಿ, ಹೊರಟ ಜಾಗಕ್ಕೇ ವಾಪಸ್ ಬಂದರೆ ಒಂದು ರನ್. ಒಂದೇ ಓಟಕ್ಕೆ ಆಗದಿದ್ದರೆ ನಡುವಿನ ಬೇಸಿನಲ್ಲಿ ನಿಂತು, ಮುಂದಿನವಳು ಹೊಡೆದಾಗ ಮತ್ತೆ ಓಡಬಹುದು. ಹೊರಟ ಜಾಗದಲ್ಲಿ ಐದು ಮೂಲೆಯ ಬಿಳಿ ಹಲಗೆ ಇರುತ್ತದೆ, ಅದಕ್ಕೆ ಹೋಮ್ ಅನ್ನುತ್ತಾರೆ. ಅಲ್ಲಿ ಎದುರಾಳಿ ತಂಡದ ಕ್ಯಾಚರ್ ಕಾಯುತ್ತಿರುತ್ತಾಳೆ. ನೀವು ಹೋಮ್ ಮುಟ್ಟುವ ಮೊದಲು ಅವಳು ಚೆಂಡು ಹಿಡಿದ ಕೈಯಿಂದ ನಿಮ್ಮನ್ನು ಮುಟ್ಟಿದರೆ ನೀವು ಔಟ್. ಇಷ್ಟೇ ಆಟ.

ಆ ಹಲಗೆ ರಬ್ಬರಿನದಾಗಿರಬೇಕು. ನಮ್ಮದು ಹರಿದು ಚಿಂದಿಯಾಗಿತ್ತು. ದೈಹಿಕ ಶಿಕ್ಷಣದ ಮರುಳಸಿದ್ದಪ್ಪ ಸರ್ ತುಂಬಾ ತಲೆ ಓಡಿಸಿ, ಕಲ್ಲು ಕೆಲಸದವರ ಹತ್ತಿರ ಅದೇ ಅಳತೆಗೆ ಬಿಳಿ ಕಲ್ಲು ಕಡೆಸಿ, ಸಿಮೆಂಟು ಹಾಕಿ ನೆಲದಲ್ಲಿ ಕೂರಿಸಿದರು. ಹಂಪಿಯ ಸುತ್ತಮುತ್ತ ಒಂದು ಕಲ್ಲು ಕಡೆಸಿ ನೆಲದಲ್ಲಿ ಕೂರಿಸಿದರೆ ಮುಂದೆ ಏನಾಗುತ್ತದೆಂದು ಈ ಸೀಮೆಯಲ್ಲೇ ಹುಟ್ಟಿ ಬೆಳೆದ ಮನುಷ್ಯನಿಗೆ ಗೊತ್ತಿರಬೇಕಿತ್ತು.

ನಾವು ಮೊದಲ ವರ್ಷದಲ್ಲಿದ್ದಾಗಿನ ಆಯುಧಪೂಜೆ. ಸರ್ ಬ್ಯಾಟು, ಗ್ಲೌಸು, ಹೆಲ್ಮೆಟ್ಟುಗಳನ್ನೆಲ್ಲ ಸಾಲಾಗಿ ಇಟ್ಟು ಕುಂಕುಮ ಹಚ್ಚಿದರು. ಅದಿರಿನ ಲಾರಿಗಳ ಗಾಲಿಗೆ ನಿಂಬೆಹಣ್ಣು ಇಡುತ್ತಾರಲ್ಲ, ಹಾಗೆ ನಮ್ಮ ಬೂಟುಗಳ ಅಡಿಗೂ ನಿಂಬೆಹಣ್ಣು ಇಟ್ಟು ತುಳಿಸಿದರು. ಮೊಮ್ಮಗಳು ಎಂಥ ಆಟಕ್ಕೆ ಸೇರಿದ್ದಾಳೆ ಎಂದು ನೋಡಲು ಪಂಪಾವತಿಯ ಅಜ್ಜಿ ಎರ್ರಮ್ಮ ಅಂದು ಬಂದಿದ್ದಳು. ತಾಯಿ ಇಲ್ಲದ ಹುಡುಗಿಯನ್ನು ಭತ್ತದ ಗದ್ದೆಯ ಕೂಲಿ ಮಾಡಿ ಸಾಕಿದವಳು ಅವಳೇ. ಬಯಲಿನಲ್ಲಿ ಒಂಟಿಯಾಗಿ ಬಿದ್ದಿದ್ದ ಬಿಳಿ ಕಲ್ಲನ್ನು ಕಂಡು ಅಜ್ಜಿಗೆ ಕರುಳು ಚುರ್ ಅಂದಿತು.

"ಅಲ್ರೀ ಸರ, ಎಲ್ಲಾಕ್ಕೂ ಪೂಜಿ ಮಾಡೀರಿ, ಇದನ್ನ್ಯಾಕ ಒಣಾ ಬಿಟ್ಟೀರಿ?"

ಸರ್ ಬಾಯಿ ತೆಗೆಯುವಷ್ಟರಲ್ಲಿ ಅಜ್ಜಿ ನೀರು ಹಾಕಿ ತೊಳೆದು, ಅರಿಶಿನ ಬಳಿದು, ವಿಭೂತಿ ಎಳೆದು, ಕಾಯಿ ಒಡೆದಿದ್ದಳು. ಎದ್ದು ನಿಂತು ಮೊಮ್ಮಗಳ ಕಡೆ ತಿರುಗಿ, "ಪಂಪೀ, ಇದರ ಮ್ಯಾಲೆ ಕಾಲಿಡಬ್ಯಾಡ ನೋಡು, ನನ್ನಾಣಿ ಐತಿ" ಅಂದಳು.

ಅಲ್ಲಿಗೆ ಮುಗಿಯಿತು. ಕಲ್ಲಿಗೆ ದೈವತ್ವ ಬಂತು, ನಮಗೆ ಶನಿ ಹಿಡಿಯಿತು.

ಮರುದಿನದಿಂದ ಕಾಲೇಜಿನ ಕಾವಲುಗಾರ ಪಾಲಪ್ಪ ಕಲ್ಲಿನ ಸುತ್ತ ನೀರು ಚಿಮುಕಿಸತೊಡಗಿದ. ಹಾಸ್ಟೆಲಿನ ಅಡುಗೆಯವರು ಮಂಗಳವಾರ ಊದಿನಕಡ್ಡಿ ಹಚ್ಚತೊಡಗಿದರು. ಪರೀಕ್ಷೆ ಬಂದರೆ ಹೋಮ್ ಸುತ್ತ ಪ್ರದಕ್ಷಿಣೆ ಹಾಕುವವರ ಕಾಟಕ್ಕೆ ನಮಗೆ ಪ್ರಾಕ್ಟೀಸೇ ಇಲ್ಲ. ಕಾಲೇಜಿನ ಗುಣಮಟ್ಟ ಅಳೆಯಲು ಸಮಿತಿಯೊಂದು ಬಂದಾಗ ಪ್ರಿನ್ಸಿಪಾಲರೇ ಬೆಳಗ್ಗೆ ಬೇಗ ಬಂದು ಅಲ್ಲಿ ಕಾಯಿ ಒಡೆದರು. ಸಮಿತಿಯವರು ಕಲ್ಲು ನೋಡಿ, ಕ್ಯಾಂಪಸ್ಸಿನಲ್ಲಿ ಪರಂಪರೆಯ ರಕ್ಷಣೆ ಚೆನ್ನಾಗಿ ನಡೆದಿದೆ ಎಂದು ಹೊಗಳಿ ಹೋದರು. ಕಲ್ಲಿನ ವಯಸ್ಸು ಆಗ ಒಂದು ವರ್ಷ.

ಹೊಸಪೇಟೆಯಿಂದ ಬರುತ್ತಿದ್ದ ಅಂಪೈರ್ ಮುರುಗೇಶ್ ಅವರು ಪಂದ್ಯದ ನಡುವೆ ರೂಢಿಯಂತೆ ಬ್ರಷ್ ತೆಗೆದು ಹೋಮ್ ಮೇಲಿನ ಧೂಳು ಹೊಡೆಯಲು ಹೋದರೆ, ಪಾಲಪ್ಪ ಕೋಲು ಹಿಡಿದು ಒಳಗೆ ನುಗ್ಗಿದ.

"ದೇವ್ರ ಮೈಮ್ಯಾಲೆ ಕಸಬರಿಗಿ ಆಡಿಸ್ತೀರೇನ್ರಿ?"

ಅಂದಿನಿಂದ ಮುರುಗೇಶ್ ಒಂದು ಮಡಿ ಬಟ್ಟೆ ತರತೊಡಗಿದರು.

ಇದೆಲ್ಲ ಹೇಗೋ ನಡೆಯುತ್ತಿತ್ತು. ಉಳಿದ ನಾವೆಲ್ಲ ಮನಸ್ಸಿನಲ್ಲೇ ಕ್ಷಮೆ ಕೇಳಿ ಕಲ್ಲು ತುಳಿದು ರನ್ ಮಾಡುತ್ತಿದ್ದೆವು. ಪಂಪಾವತಿ ಮಾತ್ರ ಅಜ್ಜಿಯ ಆಣೆ ಮುರಿಯಲಿಲ್ಲ. ಮೂರನೇ ಬೇಸಿನಿಂದ ಬಾಣದಂತೆ ಬರುವಳು. ಹೋಮ್ ಹತ್ತಿರ ಗಕ್ಕನೆ ನಿಲ್ಲುವಳು. ಬೂಟು ಬಿಚ್ಚುವಳು. ಬಾಗಿ ಬಲಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಕೈ ಚಾಚುವಳು. ಅಷ್ಟರಲ್ಲಿ ಕ್ಯಾಚರ್ ಆರಾಮಾಗಿ ಬಂದು, ಬೆನ್ನಿಗೆ ಚೆಂಡು ತಾಗಿಸಿ, ಔಟ್ ಮಾಡಿ ಹೋಗುವಳು.

"ಕೈಲೆ ಮುಟ್ಟಿದ್ರೂ ನಡೀತೈತಿ, ಬೂಟ್ ಯಾಕ ಬಿಚ್ಚತಿ?" ಎಂದು ಸರ್ ತಲೆ ತಲೆ ಚಚ್ಚಿಕೊಂಡರು.

"ಬೂಟ್ ಹಾಕ್ಕೊಂಡು ದೇವ್ರನ್ನ ಮುಟ್ತಾರೇನ್ರಿ ಸರ್?"

ಬರಿಗಾಲಲ್ಲಿ ಆಡಿಸಿದರು, ಅಂಪೈರ್ ಹೊರಗೆ ಕಳಿಸಿದರು. ಲೇಸು ಬೇಡ ಎಂದು ಅಂಟುಪಟ್ಟಿಯ ಬೂಟು ಕೊಡಿಸಿದರು, ಅದನ್ನು ಕೀಳುವಷ್ಟರಲ್ಲೂ ಔಟ್. ಬಳ್ಳಾರಿಯ ಮೈದಾನದಲ್ಲಾದರೂ ಶುದ್ಧ ರಬ್ಬರಿನ ಹಲಗೆ ಇತ್ತಲ್ಲ, ಅಲ್ಲೂ ಬೂಟು ಬಿಚ್ಚಿದಳು. ನಾನು ರೇಗಿದೆ. "ಇದು ಕಲ್ಲಲ್ಲಲೇ, ರಬ್ಬರು!"

"ಊರು ಬ್ಯಾರೆ ಆದ್ರ ಹನುಮಪ್ಪ ಬ್ಯಾರೆ ಆಕ್ಕಾನೇನು?" ಅಂದಳು.

ಸಿಟ್ಟಿನ ಜೊತೆಗೆ ನನಗೆ ಅವಳನ್ನು ನೋಡಿ ಪಾಪವೂ ಅನಿಸುತ್ತಿತ್ತು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಒಂದೊಂದು ಸಲ ಅವಳೇ ಬಾಯಿ ಬಿಡುತ್ತಿದ್ದಳು. ಮನೆಗೆ ಹೋದರೆ ಅಜ್ಜಿ ದಿನಾ ಕೇಳುತ್ತಾಳಂತೆ, "ಇವತ್ತರ ಮುಟ್ಟಿ ಬಂದ್ಯೇನ?" ಎಂದು. ಇವಳು "ನಾಳಿ ಮುಟ್ತೀನಿ ಅಜ್ಜಿ" ಅನ್ನುತ್ತಾಳಂತೆ.

"ಒಂದ ಒಂದು ರನ್ ಸಾಕು ಶಾಂಭವಿ. ಆಮ್ಯಾಲೆ ಆಟ ಬಿಟ್ಟು ಗದ್ದಿಗೆ ಹೋಗು ಅಂದ್ರೂ ಹೊಕ್ಕೀನಿ."

"ಹಂಗಾದ್ರ ಆಣಿ ತೆಗೀ ಅಂತ ಅಜ್ಜಿಗೆ ಕೇಳಬಾರ್ದೇನು?"

"ಅಜ್ಜಿ ಹಾಕಿದ ಆಣಿ, ನಾ ಹೆಂಗ ಕೇಳ್ಲಿ? ಬೇಜಾರ್ ಮಾಡ್ಕಂತಾಳ."

ಕೊನೆಯ ವರ್ಷದ ಅಂತರಕಾಲೇಜು ಪಂದ್ಯ ನಮ್ಮ ಮೈದಾನದಲ್ಲೇ ಬಂತು. ಸಂಡೂರಿನ ಕಾಲೇಜೊಂದು ನಮ್ಮ ಎದುರಾಳಿ. ಅವರ ಕ್ಯಾಚರ್ ಪೂಜಿತಾ ಎಂಎ ಓದುವವಳು, ಮದುವೆಯಾದವಳು, ದೊಡ್ಡ ಮನೆತನದ ಹಿರಿಯ ಸೊಸೆ. ಹಬ್ಬ ಬಂದರೆ ನಾದಿನಿ ಮೈದುನರೆಲ್ಲ ಸಾಲಾಗಿ ತನ್ನ ಕಾಲಿಗೆ ಬೀಳುತ್ತಾರೆ, ಆಶೀರ್ವಾದ ಮಾಡಿ ಮಾಡಿಯೇ ಸುಸ್ತು ಎಂದು ಪಂದ್ಯದ ಮೊದಲು ಅವಳೇ ನಮಗೆ ಹೇಳಿ ನಕ್ಕಿದ್ದಳು. ಬೇವಿನ ಮರದ ಕೆಳಗೆ ರೊಟ್ಟಿ ಬುತ್ತಿ ಹಿಡಿದು ಎರ್ರಮ್ಮ ಅಜ್ಜಿ ಕುಳಿತಿದ್ದಳು. ಇವತ್ತು ಮುಟ್ಟೇ ಮುಟ್ಟುತ್ತೇನೆ ಎಂದು ಮೊಮ್ಮಗಳು ಕರೆಸಿಕೊಂಡಿದ್ದಳು.

ಸಂಡೂರಿನವರು ನಮ್ಮನ್ನು ಬಡಿದು ಹಾಕಿದರು. ನಮ್ಮ ಕೊನೆಯ ಸರದಿಯ ಹೊತ್ತಿಗೆ ಅವರದು ಹನ್ನೊಂದು, ನಮ್ಮದು ಸೊನ್ನೆ. ಗೆಲ್ಲುವ ಮಾತು ಹಾಳಾಗಲಿ. ಮೂರನೇ ಬೇಸಿನಲ್ಲಿ ಪಂಪಾವತಿ ನಿಂತಿದ್ದಳು, ಬ್ಯಾಟು ನನ್ನ ಕೈಯಲ್ಲಿತ್ತು. ಮತ್ತೆ ಸರದಿ ಬರುವುದಿಲ್ಲ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಬೇವಿನ ಮರದ ಕಡೆ ನೋಡುತ್ತಿದ್ದಳು. ನಾನು ಯಾವ ದೇವರಿಗೂ ಕೈಮುಗಿಯದೆ, ಆ ಎರಡು ವರ್ಷದ ಸಿಟ್ಟನ್ನೆಲ್ಲ ಕೂಡಿಸಿ ಹೊಡೆದೆ.

ಚೆಂಡು ದೂರ ಹೋಯಿತು, ಆದರೆ ಸಾಕಷ್ಟು ದೂರ ಹೋಗಲಿಲ್ಲ. ಪಂಪಾವತಿ ಹೊರಟಳು. ನಾನು ಮೊದಲ ಬೇಸಿನ ಕಡೆ ಓಡುತ್ತಲೇ ತಿರುಗಿ ನೋಡಿದೆ. ಚೆಂಡು ಆಗಲೇ ಪೂಜಿತಾಳ ಗ್ಲೌಸಿಗೆ ಬಂದು ಬಿದ್ದಿತ್ತು. ಅವಳು ಕಲ್ಲಿನ ಪಕ್ಕದಲ್ಲಿ ಗಟ್ಟಿಯಾಗಿ ನಿಂತು ಕಾಯುತ್ತಿದ್ದಳು. ಬೂಟು ಬಿಚ್ಚಲು ಸಮಯವೇ ಇರಲಿಲ್ಲ. ಪಂಪಾವತಿ ಓಡುತ್ತಿದ್ದ ಭರಕ್ಕೇ ಎರಡೂ ಕೈ ಮುಂದೆ ಚಾಚಿ, ಉದ್ದಕ್ಕೆ, ಧಡ್ ಎಂದು ಬಿದ್ದಳು. ದೀರ್ಘದಂಡ ನಮಸ್ಕಾರ. ಬೂಟುಗಾಲುಗಳು ದೇವರಿಂದ ಅಷ್ಟು ದೂರ ಉಳಿದವು. ಆದರೆ ಕೈಗಳು ಕಲ್ಲು ಮುಟ್ಟಲಿಲ್ಲ. ಪೂಜಿತಾಳ ಎರಡೂ ಪಾದಗಳನ್ನು ಮುಟ್ಟಿದವು.

ಪೂಜಿತಾ ಬಗ್ಗಿದಳು. ಪಂಪಾವತಿಯ ತಲೆಯ ಮೇಲೆ ಕೈ ಇಟ್ಟಳು. "ಒಳ್ಳೇದಾಗ್ಲವ್ವ" ಅಂದಳು.

ಪಂಪಾವತಿ ಬಿದ್ದಲ್ಲಿಂದಲೇ ಕೈ ಸರಿಸಿ ಕಲ್ಲು ಮುಟ್ಟಿದಳು. ಮುರುಗೇಶ್ ಎರಡೂ ಕೈ ಅಗಲಿಸಿದರು. ಸೇಫ್!

ಸಂಡೂರಿನ ಕೋಚ್ ಹಾರಿ ಬಂದರು. "ಏನ್ರೀ ಅನ್ಯಾಯ! ಮೊದ್ಲು ತಲಿ ಮುಟ್ಟ್ಯಾಳಲ್ರಿ!"

"ಮುಟ್ಟ್ಯಾಳ್ರಿ. ತಂಗೀ, ಚೆಂಡು ಯಾವ ಕೈಯಾಗ ಐತಿ?" ಮುರುಗೇಶ್ ಕೇಳಿದರು.

"ಎಡಗೈ ಗ್ಲೌಸಿನ್ಯಾಗ್ರಿ."

"ತಲಿ ಮುಟ್ಟಿದ್ದು?"

"ಬಲಗೈಲೆ ರಿ." ಪೂಜಿತಾಳಿಗೆ ಆಗಲೂ ತಪ್ಪು ಹೊಳೆದಿರಲಿಲ್ಲ, ಪ್ರಶ್ನೆಗೇ ಅವಳಿಗೆ ಬೇಜಾರಾಗಿತ್ತು. "ಎಡಗೈಲೆ ಯಾರರ ಆಶೀರ್ವಾದ ಮಾಡ್ತಾರೇನ್ರಿ?"

ಕೋಚ್ ವಾಪಸ್ ಹೋಗಿ ತಮ್ಮ ಜಾಗದಲ್ಲಿ ಕುಳಿತರು. ಅವರೂ ಈ ಸೀಮೆಯವರೇ.

ನಾವೆಲ್ಲ ಅಳುತ್ತ ಕಿರುಚುತ್ತ ಓಡಿದೆವು. ನಾನೂ ಅತ್ತೆ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಆದರೆ ಪಂಪಾವತಿ ಏಳಲೇ ಇಲ್ಲ. ಮುಖ ಕೆಳಗೆ ಮಾಡಿ, ಕಲ್ಲಿನ ಮೇಲೆ ಕೈ ಇಟ್ಟುಕೊಂಡೇ ಮಲಗಿದ್ದಳು. ಮೊಣಕೈ ಕಿತ್ತು ರಕ್ತ ಬರುತ್ತಿತ್ತು.

ನಮಗಿಂತ ಮೊದಲು ಅಲ್ಲಿಗೆ ತಲುಪಿದವಳು ಎರ್ರಮ್ಮ ಅಜ್ಜಿ. ಬುತ್ತಿ ಬಿಸಾಕಿ, ಬೆನ್ನು ಬಾಗಿದ್ದರೂ ಓಡಿ ಬಂದಳು. ಮೊಮ್ಮಗಳ ಓಟ ಎಲ್ಲಿಂದ ಬಂದಿದೆ ಎಂದು ನನಗೆ ಅಂದು ತಿಳಿಯಿತು. ಬಂದವಳೇ ಗದ್ದೆಯ ಕೆಸರು ಮೆತ್ತಿದ ಚಪ್ಪಲಿಗಾಲು ಎರಡನ್ನೂ ಹೋಮ್ ಮೇಲೆ ಊರಿ, ಪಂಪಾವತಿಯ ತೋಳು ಹಿಡಿದು ಎಳೆದಳು. ಪಾಲಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತ.

"ಅಜ್ಜೀ! ಕಾಲು! ದೇವ್ರ ಮ್ಯಾಲೆ ನಿಂತೀದಿ!"

ಅಜ್ಜಿ ಕೆಳಗೆ ನೋಡಿದಳು. ಕಾಲು ಮಾತ್ರ ತೆಗೆಯಲಿಲ್ಲ.

"ನಿನ್ನ ಮೊಣಕೈ ನೋಡ್ಕ ಮೊದ್ಲು! ಅದಕ್ಕ ಆವತ್ತ ಆಣಿ ಹಾಕಿದ್ದೆ. ಕಲ್ಲು ನುಣ್ಣಗ ಐತಿ, ಅರಿಶಿಣದ ನೀರು ಬ್ಯಾರೆ ಹಾಕೀನಿ, ಈ ಕೂಸು ಜಾರಿ ಬಿದ್ದು ಮೈ ಮುರ್ಕಂತೈತಿ ಅಂತ. ಕಲ್ಲು ಒಣಗಿ ಎಷ್ಟು ದಿನಾತು, ಇನ್ನೂ ಅದ ಆಣಿ ಹಿಡ್ಕಂಡು ಓಡಾಡ್ತಿದ್ಯೇನು ಹುಚ್ಚಿ?"

ಪಂಪಾವತಿ ಅಜ್ಜಿಯ ಮುಖವನ್ನೇ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಕೊನೆಗೆ ಅವಳು ಮುರುಗೇಶ್ ಕಡೆ ತಿರುಗಿದಳು.

"ಸರ್, ಹಿಂದ ಬೂಟು ಬಿಚ್ಚಿ ಔಟಾದವು ಏನರ ಲೆಕ್ಕಕ್ಕ ಹಿಡೀತೀರೇನ್ರಿ?"

"ಇಲ್ಲವ್ವ. ಇದೊಂದ."

"ಇರ್ಲಿ ಬಿಡ್ರಿ" ಅಂದಳು ಪಂಪಾವತಿ. ಅಜ್ಜಿ ಸೆರಗಿನ ತುದಿಗೆ ಎಂಜಲು ಹಚ್ಚಿ, ಅದೇ ಕಲ್ಲಿನ ಮೇಲೆ ನಿಂತು, ಅವಳ ಮೊಣಕೈ ಒರೆಸುತ್ತಿದ್ದಳು.