ರಾಜನ ಅಪ್ಪಣೆಯಿಲ್ಲದೆ

ಸ್ನೇಹಿತರೇ, ನಮ್ಮ ಮಾವ ಇವತ್ತು ತೆಲುಗು ರಾಜನೊಬ್ಬನಿಗಾಗಿ ಪ್ರಾಣ ಕೊಟ್ಟರು. ಮಡತ್ತುಕುಳಂ ಹತ್ತಿರ ಅಮರಾವತಿ ಹೊಳೆಯ ದಡದಲ್ಲಿ ಹಳೇಕಾಲದ ರಾಜರ ತೆಲುಗು ಸಿನಿಮಾ ಶೂಟಿಂಗ್. ಮಾವನದು ನಂಬಿಗಸ್ತ ಕಾವಲುಗಾರನ ಹೆಣದ ಪಾತ್ರ. "ನಾನು ಹೇಳುವವರೆಗೆ ಏಳಬೇಡ" ಎಂದು ರಾಜನ ವೇಷದವನೇ ಹೇಳಿದ್ದನಂತೆ. ಸಂಜೆ ಅವರೆಲ್ಲ ರೀಲು ಡಬ್ಬ ಏರಿಸಿಕೊಂಡು ಹೊರಟುಹೋದರು. ಮಾವ ಮಾತ್ರ ಮನೆಗೆ ಬರಲಿಲ್ಲ.

ನಾನೂ ಅತ್ತೆಯೂ ಹುಡುಕಿಕೊಂಡು ಹೋದರೆ, ಮಬ್ಬುಗತ್ತಲಲ್ಲಿ ಹೊಳೆಯ ಆಳದ ಮಡುವಿನ ಪಕ್ಕ ಮರಳ ಮೇಲೆ ಅಂಗಾತ ಮಲಗಿದ್ದರು. ಎದೆಯ ಮೇಲೊಂದು ಕಾಗೆ ಕೂತಿತ್ತು. ಅತ್ತೆ ಓಡಿಹೋಗಿ ಭುಜ ಹಿಡಿದು ಅಲುಗಿಸಿದರು.

"ಏನುಂಗ, ಏನ್ರೀ, ನಿಮ್ಮ ರಾಜ ಕಾರು ಹತ್ತಿ ಹೋಗಿಯಾಯ್ತು, ಎದ್ದೇಳಿ!"

ಮಾವ ಕಣ್ಣು ಬಿಟ್ಟರು. "ಕೋಪ ಯಾಕೆ ಅಮ್ಮಣಿ? ಆಗಲೇ ಆ ಮಡುವಲ್ಲಿ ನಿಂತ್ಕೊಂಡು 'ಬನ್ನಿ, ಬನ್ನಿ' ಅಂತ ಅಷ್ಟೊತ್ತು ಕರೆದೆಯಲ್ಲ, ರಾಜರು ಹೇಳ್ದೆ ಹೆಂಗೆ ಎದ್ದು ಬರ್ಲಿ?"

ಅತ್ತೆಯ ಕೈ ಅವರ ಭುಜದ ಮೇಲೇ ನಿಂತಿತು. "ನಾನು ಇಷ್ಟೊತ್ತೂ ಮನೇಲೇ ಇದ್ದೆ."

ನಾವ್ಯಾರೂ ಮಡುವಿನ ಕಡೆ ತಿರುಗಿ ನೋಡಲಿಲ್ಲ.

ಗಂಡನನ್ನು ಹೆಣ ಮಾಡಿದನೆಂದು ಬೆಳಗಿನಿಂದ ಆ ರಾಜನನ್ನು ಬೈಯುತ್ತಿದ್ದ ಅತ್ತೆ, ಮನೆಗೆ ಬಂದು ಮಾವನಿಗೆ ದೃಷ್ಟಿ ತೆಗೆದರು. ಆಮೇಲೆ ರಾಜನ ಹೆಸರಲ್ಲೂ ಒಂದು ಹಿಡಿ ಉಪ್ಪು ಒಲೆಗೆ ಹಾಕಿ, "ಮರೆಗುಳಿ ನನ್ ಮಗ, ಚೆನ್ನಾಗಿರ್ಲಿ" ಎಂದರು.