ಕತ್ತರಿಸಿದ ಕೊನೆಯ ಎರಡು ಸಾಲು

2004ರ ಮೇ ತಿಂಗಳ ಒಂದು ಭಾನುವಾರ ನಾನು ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಯವರೆಗೆ ಮುಖ ನೋಡಿರದ ಒಬ್ಬರ ಮನೆಯಲ್ಲಿ ಕಾಫಿ ಕುಡಿದೆ. ಅವರು ಅಲ್ಲಿನ ಕಾರ್ಖಾನೆಯ, ಹಾಜರಿ ಲೆಕ್ಕವಿಡುವ ಟೈಂ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದು, ವಿಆರ್‌ಎಸ್ ತೆಗೆದುಕೊಂಡವರು. ನಮಗೆ ಪರಿಚಯವಾದದ್ದು ಇಂಟರ್‌ನೆಟ್ಟಿನಲ್ಲಿ.

ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ ಬಾಳಿ, ಆಮೇಲೆ ಊರೂರಿಗೆ ಚದುರಿದವರ ಇ-ಮೇಲ್ ಗುಂಪೊಂದಿತ್ತು. ನಡೆಸುತ್ತಿದ್ದವರು ಇಬ್ಬರು: ಶಿವಮೊಗ್ಗದ ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದ ನಾನು, ಮತ್ತು ಅದೇ ಊರಿನ ರವೀಂದ್ರನಗರದಲ್ಲಿದ್ದ ನನ್ನ ಬಾಲ್ಯದ ಗೆಳೆಯ, ಬ್ಯಾಂಕಿನವನು. ಬಂದ ಪತ್ರವನ್ನು ನಮ್ಮಲ್ಲೊಬ್ಬರು ಓದಿ ಒಪ್ಪಿದ ಮೇಲೆಯೇ ಅದು ಎಲ್ಲರಿಗೂ ಹೋಗುತ್ತಿತ್ತು. ಒಪ್ಪುವ ಮೊದಲು ತಿದ್ದಲೂಬಹುದಿತ್ತು. ತಿದ್ದಿದ್ದು ಹೊರಗೆ ಯಾರಿಗೂ ಕಾಣುತ್ತಿರಲಿಲ್ಲ. ಹಿಂದೊಮ್ಮೆ ಒಬ್ಬ ಸದಸ್ಯೆಯ ಫೋನ್ ನಂಬರ್ ಗುಂಪಿನಿಂದ ಯಾರದೋ ಕೈಸೇರಿ ಆಕೆಗೆ ತೊಂದರೆಯಾಗಿತ್ತು. ಅಂದಿನಿಂದ ವಿಳಾಸ, ನಂಬರುಗಳನ್ನು ತೆಗೆದುಹಾಕುವುದೆಂದು ನಿರ್ಧರಿಸಿದೆವು. ಆ ನಿರ್ಧಾರ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಪತ್ರಿಕೆಯಲ್ಲಿ ಜಾಗ ಸಾಲದಿದ್ದರೆ ಸುದ್ದಿಯನ್ನು ಕೆಳಗಿನಿಂದ ಕತ್ತರಿಸುತ್ತೇವೆ. ಮುಖ್ಯವಾದದ್ದು ಮೊದಲ ಪ್ಯಾರಾದಲ್ಲಿರುತ್ತದೆ, ಕೊನೆಯದು ಹೋದರೂ ನಡೆಯುತ್ತದೆ ಎಂಬುದು ಲೆಕ್ಕ. ಓದುಗರ ಪತ್ರಗಳಿಗೂ ಅದೇ ಕತ್ತರಿ. ಬರೆದವರನ್ನು ಕೇಳುವ ಪದ್ಧತಿಯಿಲ್ಲ.

ಟೈಪಿಸ್ಟರು ಹದಿನೈದು ದಿನಕ್ಕೊಮ್ಮೆ ಸೈಬರ್ ಸೆಂಟರಿಗೆ ಹೋಗಿ ಬರೆಯುತ್ತಿದ್ದರು: ಸೈರನ್ ಕೇಳಿ ಅನ್ನಕ್ಕಿಡುತ್ತಿದ್ದ ಮನೆಗಳು, ಬೀದಿ ನಲ್ಲಿಯ ಮುಂದೆ ಮೂರು ಭಾಷೆಗಳಲ್ಲಿ ನಡೆಯುತ್ತಿದ್ದ ಜಗಳ. ಚೆನ್ನಾಗಿರುತ್ತಿತ್ತು. ಪ್ರತಿ ಪತ್ರದ ಕೊನೆಗೂ ಅವೇ ಎರಡು ಸಾಲು ಇರುತ್ತಿದ್ದವು. ಎರಡನೆಯದರಲ್ಲಿ ಮನೆಯ ವಿಳಾಸವಿತ್ತು. ಕೆಲಸದ ಆತುರದಲ್ಲಿ ನಾನು ಮೊದಲನೆಯದನ್ನು ಸರಿಯಾಗಿ ಓದದೆ ಎರಡನ್ನೂ ಅಳಿಸಿ ಕಳಿಸುತ್ತಿದ್ದೆ.

ಆ ಭಾನುವಾರ ಕಾಫಿ ತಂದಿಟ್ಟ ಅವರ ಹೆಂಡತಿ ಬಾಗಿಲ ಹತ್ತಿರವೇ ನಿಂತರು.

"ಅಷ್ಟೊಂದ್ ಜನ ಇದ್ದಾರಂತಲ್ಲ ಸಾರ್ ನಿಮ್ಮ ಗುಂಪಲ್ಲಿ. ನಮ್ಮ ಅಕ್ಕ ಎಲ್ಲಿದ್ದಾರೆ ಅಂತ ಒಬ್ರಿಗೂ ಗೊತ್ತಿಲ್ವಾ?"

"ಯಾವ ಅಕ್ಕ?" ಎಂದೆ.

ಕ್ವಾರ್ಟರ್ಸ್‌ನಲ್ಲಿ ಪಕ್ಕದ ಮನೆಯಲ್ಲಿದ್ದ ತಮಿಳರ ಅಕ್ಕ. ಈಕೆಯ ಮೊದಲ ಹೆರಿಗೆಗೆ ತವರಿನವರು ಬರಲಾಗದಿದ್ದಾಗ, ಮಗುವಿಗೂ ತಾಯಿಗೂ ದಿನವೂ ನೀರು ಹಾಕಿದವರು. ಗಂಡ ರಿಟೈರಾಗಿ ಅವರು ಊರಿಗೆ ಹೊರಟ ದಿನ ಈಕೆ ತವರಿನಲ್ಲಿ ಸಾವಿನ ಮನೆಯಲ್ಲಿದ್ದರು. ಬರುವಷ್ಟರಲ್ಲಿ ಪಕ್ಕದ ಮನೆಗೆ ಬೀಗ ಬಿದ್ದಿತ್ತು.

"ಅವ್ರ ರುಬ್ಬೋ ಕಲ್ಲು ನನಗೆ ಅಂತ ನಮ್ಮ ಬಾಗ್ಲಲ್ಲಿ ಇಟ್ಟು ಹೋಗಿದ್ರು. ಕಲ್ಲಿದೆ, ಅಡ್ರೆಸ್ ಇಲ್ಲ" ಎಂದರು. ಆಮೇಲೆ ಗಂಡನ ಕಡೆ ನೋಡಿ, "ಇವ್ರು ಬರೆಯೋದು ಯಾರಿಗೂ ಅರ್ಥ ಆಗಲ್ವೋ ಏನೋ. ಅಷ್ಟು ವರ್ಷ ಲೇಟಾಗಿ ಬಂದೋರ ಲಿಸ್ಟ್ ಟೈಪ್ ಮಾಡಿದ ಕೈ!"

"ಪ್ರತಿ ಸಲ ಕೊನೇಲಿ ಬರೀತೀನಲ್ಲೇ ಮಾರಾಯ್ತಿ" ಎಂದರು ಅವರು. ನನ್ನ ಕಡೆ ತಿರುಗಿ, "ಯೋಗಕ್ಷೇಮ ಎಲ್ಲ ಆದಮೇಲೆ ತಾನೆ ಸಾರ್ ನಮ್ಮ ವಿಷಯ ಕೇಳ್ಬೇಕು? ಬಂದ ತಕ್ಷಣ ಕೇಳಿದ್ರೆ ಚೆನ್ನಾಗಿರಲ್ಲ."

ಇನ್ನೊಂದು ಲೋಟ ಕಾಫಿ ಕೊಟ್ಟರು, ಅದನ್ನೂ ಕುಡಿದೆ.

ಸಂಜೆ ರವೀಂದ್ರನಗರಕ್ಕೆ ಹೋಗಿ ಗೆಳೆಯನಿಗೆ ಹೇಳಿದೆ. "ಮುಂದಿನ ಪತ್ರದಲ್ಲಿ ಆ ಎರಡು ಸಾಲು ಅಳಿಸ್ದೆ ಹಂಗೇ ಕಳ್ಸು, ಮುಗೀತು" ಎಂದ. "ಕತ್ತರಿಸಿದ್ವಿ ಅಂತ ಹೇಳೋಕೆ ಹೋಗ್ಬೇಡ ಮಾರಾಯ. ನಂದೇನ್ ಕತ್ತರಿಸಿದೀರಿ ಅಂತ ಎಲ್ರೂ ಬರ್ತಾರೆ."

"ಬರ್ಲಿ. ಗುಂಪಲ್ಲಿ ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ ಅಂತ ಆಯಮ್ಮ ಅಂದ್ಕೊಂಡಿದ್ದಾರೆ. ಗುಂಪಿಗೆ ಅದು ಹೋಗೇ ಇಲ್ವಲ್ಲ."

"ಹಂಗಾದ್ರೆ ಮೊದ್ಲು ಅವ್ರಿಗೆ ಹೇಳು" ಎಂದ.

ಮಾರನೆಯ ದಿನ ಟೈಪಿಸ್ಟರಿಗೆ ಫೋನ್ ಮಾಡಿ ಹೇಳಿದೆ. "ಗುಂಪಲ್ಲಿ ಬಂದ ನನ್ನ ಪತ್ರ ನಾನೇ ತಿರುಗಿ ಓದಿರ್ಲಿಲ್ಲ ಸಾರ್" ಎಂದರು. ವಿಳಾಸ ಹಾಕಬಹುದೇ ಎಂದು ಕೇಳಿದೆ. ಹಾಕಿ ಎಂದರು.

ಬಂದ ಮೂಲ ಪತ್ರಗಳು ನನ್ನ ಇನ್‌ಬಾಕ್ಸಿನಲ್ಲಿದ್ದವು. ಗುಂಪಿಗೆ ಬರೆದೆ: ಇವರ ಎಲ್ಲ ಪತ್ರಗಳಿಂದ ಕೊನೆಯ ಎರಡು ಸಾಲುಗಳನ್ನು ನಾನು ತೆಗೆದಿದ್ದೇನೆ, ಅವರಿಗೆ ತಿಳಿಸಿರಲಿಲ್ಲ, ಆ ಸಾಲುಗಳು ಇವು. ಕೆಳಗೆ ಅಕ್ಕ ಎಲ್ಲಿದ್ದಾರೆಂದು ಕೇಳಿದ ಸಾಲನ್ನೂ ವಿಳಾಸದ ಸಾಲನ್ನೂ ಇದ್ದ ಹಾಗೇ ಹಾಕಿ, ಮುಂದುವರಿಸಿದೆ: ಇನ್ನು ಮುಂದೆ ತೆಗೆದದ್ದನ್ನು ಬರೆದವರಿಗೆ ಹೇಳುತ್ತೇವೆ, ಪತ್ರದ ಕೆಳಗೂ ಸೂಚಿಸುತ್ತೇವೆ.

ಗೆಳೆಯ ಹೇಳಿದ್ದು ಸುಳ್ಳಾಗಲಿಲ್ಲ. ಒಬ್ಬರು, ತಮ್ಮ ಪತ್ರಕ್ಕೆ ಕತ್ತರಿ ಬಿದ್ದಿತ್ತೇ ಎಂದು ಮೂರು ಸಲ ಕೇಳಿದರು. ಬಿದ್ದಿತ್ತು, ಹೇಳಿದೆ. ಅವರು ಗುಂಪು ಬಿಟ್ಟರು. ಇನ್ನೂ ಕೆಲವರು ಬಿಟ್ಟರು.

ಆರನೆಯ ದಿನ ಹೊಸೂರಿನಿಂದ ಒಂದು ಪತ್ರ ಬಂತು. ಬರೆದವರು ಅಕ್ಕನ ತಮ್ಮನ ಮಗ. ಗುಂಪು ಸೇರಿದಾಗಿನಿಂದ ಟೈಪಿಸ್ಟರ ಪತ್ರಗಳನ್ನು ಓದುತ್ತಿದ್ದರಂತೆ. ಅತ್ತೆ ಸೇಲಂನಲ್ಲಿ ಮಗಳ ಮನೆಯಲ್ಲಿದ್ದಾರೆ, ಮಂಡಿನೋವು ಬಿಟ್ಟರೆ ಆರೋಗ್ಯವಾಗಿದ್ದಾರೆ ಎಂದು ಬರೆದು, ಫೋನ್ ನಂಬರ್ ಕೊಟ್ಟಿದ್ದರು. ನಂಬರನ್ನು ಟೈಪಿಸ್ಟರಿಗೆ ತಿಳಿಸಿದೆ. ಪತ್ರದ ಕೆಳಗೆ "ಇಲ್ಲಿದ್ದ ನಂಬರ್ ತೆಗೆದು, ಬೇಕಾದವರಿಗೆ ತಲುಪಿಸಲಾಗಿದೆ" ಎಂದು ಸೇರಿಸಿ ಕಳಿಸಿದೆ.

ಮುಂದಿನ ಸಲ ಭದ್ರಾವತಿಗೆ ಹೋದಾಗ ಆಕೆ ಒಳಗಿನಿಂದಲೇ, "ಕತ್ತರಿ ಸಾರ್ ಬಂದ್ರು ನೋಡಿ" ಎಂದು ಗಂಡನಿಗೆ ಕೂಗಿ ಹೇಳಿದರು. ದೋಸೆ ಹಾಕಿದರು. ಹಿಟ್ಟು ಆ ಕಲ್ಲಿನದು.

ಗುಂಪಿನಲ್ಲಿ ಟೈಪಿಸ್ಟರ ಕೊನೆಯ ಪತ್ರ 2008ರದು. ಅದರ ಕೊನೆಯ ಎರಡು ಸಾಲು: "ಸೇಲಂನಿಂದ ಅಕ್ಕ ಬಂದಿದ್ದಾರೆ, ಹದಿನೈದು ದಿನ ಇರುತ್ತಾರೆ. ನೋಡಬೇಕೆನ್ನುವವರು ಬನ್ನಿ, ವಿಳಾಸ ಅದೇ."